ನಡುವಿನ ಸಾಲು

ಸಾಲಹಳ್ಳಿಯ ಲಗಮವ್ವನಿಗೆ ಮುಂದಿನ ವರ್ಷ ಮೂವತ್ತೈದು ತುಂಬುತ್ತದೆ. ಅಷ್ಟರೊಳಗೆ ಹತ್ತನೆಯ ತರಗತಿಯ ಗಣಿತ ಪಾಸಾದರೆ ಊರಿನ ಅಂಗನವಾಡಿ ಸಹಾಯಕಿಯ ಕೆಲಸಕ್ಕೆ ಅರ್ಜಿ ಹಾಕಬಹುದು. ಆಮೇಲೆ ವಯಸ್ಸು ಮೀರುತ್ತದೆ. ಉಳಿದ ವಿಷಯಗಳೆಲ್ಲ ಎಂದೋ ಪಾಸಾಗಿವೆ. ನೆರಳಿನಲ್ಲಿ ನಿಂತು ಮಾಡುವ ಕೆಲಸವೊಂದು ಸಿಗಲಿ ಎಂಬುದಷ್ಟೇ ಅವಳ ಬೆನ್ನಿನ ಆಸೆ.

ಲಗಮವ್ವ ಹೊಲದ ಕೂಲಿಯಿಂದ ಬಂದು, ರೊಟ್ಟಿ ಬಡಿದಾದ ಮೇಲೆ ಅಣ್ಣನ ಮಗಳು ಸಪ್ನಾ ಅವಳಿಗೆ ಗಣಿತ ಹೇಳಿಕೊಡುತ್ತಿದ್ದಳು. ಸಪ್ನಾ ರಾಮದುರ್ಗದ ಕಾಲೇಜಿನಲ್ಲಿ ಓದುತ್ತಾಳೆ.

"ಅತ್ತಿ, ಶ್ರೇಢಿ ಮೊತ್ತದ ಸೂತ್ರ ಬಾಯಿಪಾಠ ಮಾಡಬೇಕ ನೀ."

"ಬಾಯಿಗಿ ಬರತೈತಿ ಯವ್ವಾ, ಕೈಗಿ ಬರವಲ್ದು."

ಸಪ್ನಾ ಸೂತ್ರ ಬಿಟ್ಟಳು. "ಹೋಗ್ಲಿ, ಮೊದಲನೇದ್ದು ಕಡೀದು ಕೂಡಸು. ಎರಡನೇದ್ದು, ಕಡೀದರ ಹಿಂದಿಂದು ಕೂಡಸು. ಎರಡೂ ಸರ್ತಿ ಅಷ್ಟ ಬರತೈತಿ. ಅಂಥಾ ಜೋಡಿ ಎಷ್ಟ ಅದಾವ ನೋಡಿ ಗುಣಸು."

ಲಗಮವ್ವನ ಕಣ್ಣು ಅರಳಿತು. "ಇದು ಹಣಮಂತಪ್ಪನ ಹೊಲದ ಪಾಳಿ ಅಲ್ಲೇನ!"

ಹಣಮಂತಪ್ಪನ ಹೊಲ ಕಾಲುವೆಯ ತಿರುವಿನಲ್ಲಿ ತ್ರಿಕೋನವಾಗಿದೆ. ಸಾಲುಗಳು ಒಂದೇ ಅಳತೆಯಲ್ಲಿ ಗಿಡ್ಡವಾಗುತ್ತ ಹೋಗುತ್ತವೆ. ಕಸ ತೆಗೆಯುವಾಗ ಎಲ್ಲಕ್ಕಿಂತ ಉದ್ದನೆಯ ಸಾಲು ಹಿಡಿದವಳಿಗೆ ಎಲ್ಲಕ್ಕಿಂತ ಗಿಡ್ಡ ಸಾಲು. ಹಾಗೆ ಎಲ್ಲರ ದಣಿವೂ ಸಮ. ಅಂದಿನಿಂದ ಲಗಮವ್ವ ಪುಸ್ತಕದ ಮರದ ದಿಮ್ಮಿ, ಇಟ್ಟಿಗೆ, ಮೆಟ್ಟಿಲುಗಳನ್ನೆಲ್ಲ ಹತ್ತಿಯ ಸಾಲು ಮಾಡಿಕೊಂಡು ಬಿಡಿಸಿದಳು. ಸಪ್ನಾ ಕೊಟ್ಟ ಲೆಕ್ಕಗಳಲ್ಲಿ ಸಾಲುಗಳು ಯಾವಾಗಲೂ ಜೋಡಿಯಾಗಿಯೇ ಮುಗಿಯುತ್ತಿದ್ದವು. ಅದನ್ನು ಇಬ್ಬರೂ ಗಮನಿಸಲಿಲ್ಲ.

ಪರೀಕ್ಷೆಯ ದಿನ ಸಪ್ನಾ ಗೇಟಿನ ಹೊರಗೆ ಕಾಯುತ್ತಿದ್ದಳು. ಸಭಾಂಗಣದ ಕುರ್ಚಿಗಳ ಲೆಕ್ಕ ಬಂದಿತ್ತು: ಒಂಬತ್ತು ಸಾಲು, ಮೊದಲ ಸಾಲಿನಲ್ಲಿ ಆರು, ಮುಂದೆ ಪ್ರತಿ ಸಾಲಿಗೂ ಎರಡು ಹೆಚ್ಚು; ಒಟ್ಟು ಎಷ್ಟು ಕುರ್ಚಿ?

"ಎಷ್ಟ್ ಬರದಿ ಅತ್ತಿ?"

"ಆರು ಇಪ್ಪತ್ತೆರಡು ಕೂಡಿದ್ರ ಇಪ್ಪತ್ತೆಂಟು. ಅಂಥಾವು ನಾಕು ಜೋಡಿ. ನೂರಾ ಹನ್ನೆರಡು."

ಸಪ್ನಾ ಮನಸ್ಸಿನಲ್ಲೇ ಕೂಡಿದಳು. "ನಡುವಿನ ಸಾಲಿನ ಹದಿನಾಕು ಕುರ್ಚಿ?"

"ಹೊಲದಾಗ ನಡುವಿನ ಸಾಲು ಯಾರ ಲೆಕ್ಕಕ್ಕೂ ಹಿಡಿಯೂದಿಲ್ಲಲ್ಲ. ಅದರ ಕಸಾ ಎಲ್ಲಾರೂ ಕೂಡಿ ತಗೀತೀವಿ—" ಲಗಮವ್ವ ಪ್ರಶ್ನೆಪತ್ರಿಕೆ ಬಿಚ್ಚಿ ಒಂಬತ್ತು ಸಾಲನ್ನು ಬೆರಳಿನಲ್ಲಿ ಎಣಿಸಿದಳು.

ಫಲಿತಾಂಶದಲ್ಲಿ ಪಾಸಾಗಲು ಎರಡು ಅಂಕ ಕಡಿಮೆ ಬಿದ್ದವು. ಅರ್ಜಿಯ ದಿನ ದಾಟಿತು.

ಮತ್ತೆ ಹಣಮಂತಪ್ಪನ ಹೊಲ. ಜೋಡಿ ಸಾಲುಗಳು ಮುಗಿದು ನಡುವಿನದೊಂದು ಉಳಿದಿತ್ತು. ಲಗಮವ್ವ ಬದುವಿನ ಮೇಲೆ ಕುಳಿತೇ ಇದ್ದಳು.

"ಇದನ್ನ ಯಾರ ಲೆಕ್ಕಕ್ಕ ಹಿಡೀಬೇಕ ರಾಚಕ್ಕಾ?"

ಕೂಲಿಯವರಲ್ಲಿ ಹಿರಿಯಳಾದ ರಾಚವ್ವ ಕಸ ತೆಗೆಯುವ ಕುರ್ಪಿಯ ಮಣ್ಣು ಒರೆಸಿದಳು. "ಪರೀಕ್ಷಾ ಬರದ್ ಬಂದಾಕಿ ಭಾಳ ಲೆಕ್ಕಾ ಕೇಳಾಕ ಹತ್ಯಾಳ ನೋಡ್ರೆವ್ವಾ! ಕುಂಡರು, ಬೆನ್ನು ನೆಟ್ಟಗಾದ ಮ್ಯಾಲ ಬಾ."

ಉಳಿದವರು ನಕ್ಕು ಎಲ್ಲರೂ ಕೂಡಿ ಆ ಸಾಲಿಗೆ ಬಾಗಿದರು. ಲಗಮವ್ವ ಎದ್ದು ಬರುವ ಹೊತ್ತಿಗೆ ಅವರು ಅರ್ಧ ಸಾಲು ಮುಗಿಸಿದ್ದರು.