ಒಂದು ಮಗ್ಗ, ಇಬ್ಬರ ಕಾಲು

ಬೆಳಕು ಹರಿಯುವ ಮುನ್ನವೇ ಮೊಳಕಾಲ್ಮೂರಿನ ಈ ಓಣಿಯಲ್ಲಿ ಮಗ್ಗ ಸದ್ದು ಮಾಡುತ್ತದೆ. ಜಗದಾಂಬ ಮಗ್ಗದ ಗುಂಡಿಯೊಳಗೆ ಕಾಲಿಳಿಸಿ ಕೂತು ರೇಷ್ಮೆ ಸೀರೆ ನೇಯುತ್ತಿದ್ದಾರೆ. ಗಂಡ ತಿಪ್ಪಯ್ಯ ಊರುಗೋಲು ಹಿಡಿದು ಬಾಗಿಲಲ್ಲಿ ನಿಂತು ಸೀರೆಯ ಅಂಚನ್ನೂ ನನ್ನನ್ನೂ ಅನುಮಾನದಿಂದ ನೋಡುತ್ತಿದ್ದಾರೆ.

"ಪೇಪರ್‌ನೋರು ಅಂತೀರಿ. ನಮ್ ಡಿಸೈನ್ ಫೋಟೋ ತೆಗ್ದು ಯಾರಿಗೆ ಕೊಡ್ತೀರಿ?"

ಅಯ್ಯೋ ದೇವರೇ! ನನ್ನ ಕ್ಯಾಮೆರಾ ಚೀಲ ಸೇರುತ್ತದೆ.

ಮಗ್ಗ ಮೊದಲು ತಿಪ್ಪಯ್ಯನವರದೇ. ಬಿ.ಜಿ. ಕೆರೆ ಹತ್ತಿರ ಬೈಕಿನಿಂದ ಬಿದ್ದು, ತಲೆಗೆ ಪೆಟ್ಟಾಗಿ ತಿಂಗಳುಗಟ್ಟಲೆ ಮಲಗಿದರು. ಎದ್ದಾಗ ಸೊಂಟ ಮಡಚಲಿಲ್ಲ. ಕೀಲಿನ ಸುತ್ತ, ಇರಬಾರದ ಜಾಗದಲ್ಲಿ ಮೂಳೆ ಬೆಳೆದಿತ್ತು. ನಿಲ್ಲಬಹುದು, ಮಲಗಬಹುದು, ಕೂರುವಂತಿಲ್ಲ. ಕೂರಲಾಗದವನಿಗೆ ಮಗ್ಗವೆಲ್ಲಿಯದು? ಅಲ್ಲಿಯವರೆಗೆ ನೂಲು ಸುತ್ತಿಕೊಡುತ್ತಿದ್ದ ಜಗದಾಂಬ ಗುಂಡಿಗಿಳಿದರು. ಮನೆ ನಡೆದದ್ದು ಅವರು ನೇಯ್ದ ಸೀರೆಗಳಿಂದ. ಅಂಗಡಿಯವರು ಮಾತ್ರ ಅವನ್ನು ಇವತ್ತಿಗೂ ತಿಪ್ಪಯ್ಯನ ಸೀರೆ ಎಂದೇ ಕರೆಯುತ್ತಾರೆ. ನನಗೆ ಕೇಳಿಯೇ ಸಿಟ್ಟು ಬಂತು.

"ಇವ್ಳೇ ನೇಯ್ತಾಳೆ ಅಂತ ನಾನೂ ನಂಬಿರ್ಲಿಲ್ಲ ಸಾರ್. ಒಳಗೆ ಮಲಗಿ ಸದ್ದು ಕೇಳೋನು. ಇಷ್ಟು ಚಂದ ಬಡೀತೈತಲ್ಲ, ಇವ್ಳು ಯಾರನ್ನೋ ಆಳು ಇಟ್ಕಂಡವ್ಳೆ ಅಂದ್ಕಂಡಿದ್ದೆ," ಎನ್ನುತ್ತಾರೆ ತಿಪ್ಪಯ್ಯ.

ಆ ಮೂಳೆ ಬಲಿಯುವವರೆಗೆ ಕಾಯಿಸಿ, ದಾವಣಗೆರೆಯಲ್ಲಿ ಶಸ್ತ್ರಚಿಕಿತ್ಸೆ ಮಾಡಿ ತೆಗೆದರು. ಕೆಲವರಿಗೆ ಮತ್ತೆ ಬೆಳೆಯುತ್ತದೆ ಎಂದೂ ಡಾಕ್ಟರು ಹೇಳಿದ್ದರು. ಆ ಮಾತು ತಿಪ್ಪಯ್ಯನವರ ತಲೆಯಲ್ಲಿ ಹುಳ ಬಿಟ್ಟಿತು. ಕುರ್ಚಿಯಲ್ಲಿ ಸಲೀಸಾಗಿ ಕೂರುತ್ತಿದ್ದವರು ಒಂದು ಬೆಳಗ್ಗೆ ಮಗ್ಗಕ್ಕೆ ಕೂತರು. ತುಳಿಯುವ ಹಲಗೆಯ ಮೇಲೆ ಕಾಲಿಟ್ಟರೆ ಮೊಣಕಾಲು ಎದೆಗೆ ಬಂತು, ಸೊಂಟ ಹಿಡಿಯಿತು.

"ಮತ್ತೆ ಬೆಳ್ದೈತೆ ಕಣೇ! ಪೂರ್ತಿ ತೆಗ್ದೇ ಇಲ್ಲ ಅವ್ರು, ಮೋಸ ಮಾಡವ್ರೆ!" ಎಂದು ಅತ್ತೇಬಿಟ್ಟರಂತೆ.

ಜಗದಾಂಬ ಗುಂಡಿಯೊಳಗೆ ಬಗ್ಗಿ ನೋಡಿದರು. ತಮ್ಮ ಗಿಡ್ಡ ಕಾಲಿಗೆ ಎಟುಕಲೆಂದು ಹಲಗೆಗಳ ಹಗ್ಗವನ್ನು ತಾವೇ ಮೇಲಕ್ಕೆ ಬಿಗಿದಿದ್ದರು, ಹೇಳುವುದು ಮರೆತಿದ್ದರು. ಹಗ್ಗ ಇಳಿಬಿಟ್ಟರು. ಕಾಲು ಇಳಿಯಿತು, ನೋವಿಲ್ಲದೆ ಸೊಂಟ ಮಡಚಿತು.

"ಮೂಳೆ ಅಲ್ರೀ, ನಾನು ಕಟ್ಟಿದ್ ಹಗ್ಗ!"

ಈಗ ಬೆಳಗ್ಗೆ ಹೆಂಡತಿ, ಮಧ್ಯಾಹ್ನ ಗಂಡ. ಪ್ರತಿ ಸಲವೂ ಹಗ್ಗ ಬಿಚ್ಚಬೇಕು, ಕಟ್ಟಬೇಕು. ನಿಮ್ಮ ಆಸೆ ಏನಮ್ಮ ಎಂದರೆ ಜಗದಾಂಬ ಲಾಳಿ ನಿಲ್ಲಿಸುತ್ತಾರೆ.

"ಪಕ್ಕದಾಗೆ ಇನ್ನೊಂದು ಗುಂಡಿ ತೋಡಿಸ್ಬೇಕು ಸಾರ್. ನನ್ನ ಕಾಲಿನ ಅಳತೆಗೆ."

ತಿಪ್ಪಯ್ಯನವರ ಹುಬ್ಬು ಮತ್ತೆ ಗಂಟಿಕ್ಕುತ್ತದೆ. "ನಾನು ಕೂರಂಗಾದ್ನಲ್ಲ, ಇನ್ನು ನಿಂಗ್ಯಾಕೆ?"

"ನಿಮಗೆ ಕೂರಾಕೆ ಬಂತು, ಸಂತೋಷ. ನನಗೆ ಏಳಾಕೆ ಮನಸಿಲ್ಲ."