ಬಣ್ಣ ಬದಲಿಸಿದ ಗಣಪತಿ

ಲಕ್ಷ್ಮೀ ನಗರದಲ್ಲಿ ನಾವು ಕನ್ನಡಿಗರು ಕೂಡಿಸುವ ಗಣಪತಿಗೆ ಆ ವರ್ಷ ಹೊಸದಾಗಿ ಎಲ್‌ಇಡಿ ದೀಪ ತರಿಸಿದ್ದರು. ಮಂಗಳಾರತಿಗೆಂದು, ಪೂಜೆಗೆ ಕೂತಿದ್ದ ನಾನು ಗಂಟೆ ಬಾರಿಸಿದ ಕೂಡಲೇ ಗಣಪತಿ ಹಸಿರಾದ, ಮರುಕ್ಷಣ ನೇರಳೆಯಾದ.

“ಏನ್ರೀ, ದೇವರಿಗೆ ಪಿತ್ತ ಏರೇತೇನು?” ಎಂದು ಮಂಡಳಿಯ ಅಧ್ಯಕ್ಷರು ಗದರಿದರು.

ಲೈಟಿನವನು ವೇದಿಕೆಯ ಕೆಳಗಿನಿಂದ ನನಗೆ ಹಿಂದಿಯಲ್ಲಿ ಕೂಗಿ ಹೇಳಿದ: “ಕಾಕಾ, ಅದು ಸದ್ದಿಗೆ ಕುಣಿಯುವ ಮೋಡ್‌ನಲ್ಲಿದೆ. ದೀಪದ ಹಿಂಬದಿಯ ಬಟನ್ ಮೂರು ಸಲ ಒತ್ತಿದರೆ ಬೆಳಕು ಬಿಳಿಯಾಗಿ ನಿಲ್ಲುತ್ತದೆ. ನಾನೇ ಬರಲೇ?”

ಮಡಿಯ ಜಾಗಕ್ಕೆ ಅವನು ಬರುವಂತಿಲ್ಲ, ಮಡಿಯಲ್ಲಿದ್ದ ನಾನು ದೀಪ ಮುಟ್ಟುವಂತಿಲ್ಲ. ಕೊನೆಗೆ ಪೂಜೆಯ ಅಡಿಕೆಯೊಂದನ್ನು ಹಿಡಿದು ಅದರಿಂದಲೇ ಬಟನ್ ಒತ್ತಿದೆ: ಕೇಶವಾಯ ನಮಃ, ನಾರಾಯಣಾಯ ನಮಃ, ಮಾಧವಾಯ ನಮಃ. ಬೆಳಕು ಬಿಳಿಯಾಗಿ ನಿಂತಿತು, ಆರತಿಯೂ ಸಾಂಗವಾಯಿತು.

“ಇಂಥ ನಾಮಗಳು ಇನ್ನೂ ಇಪ್ಪತ್ತೊಂದಿವೆ,” ಎಂದು ಲೈಟಿನವನೆದುರು ಬೀಗಿದೆ.

“ಈ ಲೈಟಿನಲ್ಲಿ ಅಷ್ಟು ಮೋಡ್ ಇಲ್ಲ, ಕಾಕಾ,” ಎಂದ.