ಸೊಂಟ ಮುರಿಯುವ ಶಾಕ್ ಅಬ್ಸಾರ್ಬರ್

ನಂದಗುಡಿಯಿಂದ ಹೊಸಕೋಟೆಗೆ ಟೊಮೆಟೊ ಸಾಗಿಸುವ ನಮ್ಮ ಪಿಕಪ್ ಓಡಿಸುವವಳು ನಾನು. ನನ್ನ ಗಂಡನಿಗೆ ಸ್ಕೂಟರ್ ಬಿಟ್ಟರೆ ಬೇರೇನೂ ಬಾರದು. ಆದರೂ ಹಿಂದಿನ ಶಾಕ್ ಅಬ್ಸಾರ್ಬರ್ ಹೋದಾಗ, ಮೆಕ್ಯಾನಿಕ್ ಮಾತು ಕೇಳಿ ಅಂಗಡಿಯಲ್ಲಿದ್ದ ಅತಿ ಗಟ್ಟಿ ಜೋಡಿಯನ್ನು ಅವರೇ ಆರಿಸಿ ಹಾಕಿಸಿದರು. ಲೋಡಿದ್ದಾಗ ಗಾಡಿ ಸರಿಯಾಗಿಯೇ ಓಡುತ್ತಿತ್ತು. ಖಾಲಿ ಬರುವಾಗ ಮಾತ್ರ ಆ ಜೋಡಿ ಕುಗ್ಗದೆ, ಗಾಡಿ ಗುಂಡಿ ಗುಂಡಿಗೂ ಎಗರಿ ನನ್ನ ಸೊಂಟ ಮುರಿಯುತ್ತಿತ್ತು.

ತಿಂಗಳು ಕಳೆದ ಮೇಲೆ ಬದಲಾಯಿಸೋಣವೆಂದು ಇಬ್ಬರೂ ಅದೇ ಅಂಗಡಿಗೆ ಹೋದೆವು. ಅಂಗಡಿಯವನು ನನ್ನತ್ತ ನೋಡಲೇ ಇಲ್ಲ.

“ಎಷ್ಟು ಲೋಡ್ ಹಾಕ್ತೀರಾ ಸಾರ್?” ಎಂದು ನನ್ನ ಗಂಡನನ್ನು ಕೇಳಿದ.

“ಅವಳ್ನೇ ಕೇಳಪ್ಪಾ, ಓಡ್ಸೋದು ಅವಳು,” ಎಂದರು ಇವರು.

ನಾನು ಹೇಳಿದೆ. ಅವನು ಮುಂದಿನ ಪ್ರಶ್ನೆಯನ್ನೂ ಇವರಿಗೇ ಕೇಳಿದ. ಕೊನೆಗೆ, “ಇದಕ್ಕಿಂತ ಒಳ್ಳೇದು ಸಿಗಲ್ಲ ಸಾರ್. ಅಕ್ಕೋರಿಗೆ ಅಭ್ಯಾಸ ಆಗುತ್ತೆ ಬಿಡಿ,” ಎಂದ.

ನನಗೆ ಮೈಯೆಲ್ಲ ಉರಿಯಿತು. “ಬಾರಪ್ಪಾ, ನೀನೂ ಅಭ್ಯಾಸ ಮಾಡ್ಕೊ,” ಎಂದು ಅವನನ್ನು ಖಾಲಿ ಗಾಡಿಗೆ ಹತ್ತಿಸಿಕೊಂಡು ಹೊರಟೆ. ಎರಡನೆಯ ಹಂಪಿನಲ್ಲಿ ಅವನ ತಲೆ ಗಾಡಿಯ ಚಾವಣಿಗೆ ಬಡಿಯಿತು. ಮೂರನೆಯದು ಕಂಡ ಕೂಡಲೇ, “ಅಕ್ಕಾ, ನಿಲ್ಸಿ, ನಿಲ್ಸಿ!” ಎಂದು ಕೂಗಿಕೊಂಡ.

ಅಂಗಡಿಗೆ ಮರಳಿದ ಮೇಲೆ, ಗಾಡಿಯ ಜೊತೆ ಮೊದಲು ಬಂದಿದ್ದಂಥ ಸಾಧಾರಣ ಜೋಡಿಯನ್ನೇ ಕೇಳಿ ಹಾಕಿಸಿದೆ. ಆ ಸಂಜೆ ಗಾಡಿ ಮೆತ್ತಗೆ ಓಡಿತು. ನನ್ನ ಸಿಟ್ಟು ಮಾತ್ರ ನಂದಗುಡಿ ಬಂದರೂ ಇಳಿದಿರಲಿಲ್ಲ.